ಕೋಣೆಯಲ್ಲಿ ಸದ್ದು ಜಾಸ್ತಿ

ಬಾವಿಯ ಹತ್ತಿರ ಬಂದಾಗ ಇಬ್ಬರೂ ಮಾತು ನಿಲ್ಲಿಸಿದರು.

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಊರವರ ಬಾಯಿಂದ ಊರವರ ಬಾಯಿಗೆ ಹಾರಿ ಬಂದ ಮಾತಲ್ಲ. ಅವನು ಲೇತ್ ಮಿಷನ್ ಕೆಲಸದವನು. ಸಾಲುಮನೆಯವರೆಲ್ಲ ಅವನನ್ನು ಲೇತಣ್ಣ ಅಂತಲೇ ಕರೆಯುತ್ತಾರೆ. ಅವತ್ತು ರಾತ್ರಿ ಅವನೂ ಅವನ ಹೆಂಡತಿ, ನಮ್ಮ ಅತ್ತಿಗೆಯೂ ಕೊನೆಯ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದರು. ಅವನ ತಲೆಯ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ. ಅವಳ ಸೊಂಟದ ಮೇಲೆ, ಮಗು ಎತ್ತಿಕೊಂಡ ಹಾಗೆ, ಇನ್ನೊಂದು. ಒಳಗಿದ್ದದ್ದು ಹೋಮ್ ಥಿಯೇಟರ್. ಐದು ಸ್ಪೀಕರು, ಒಂದು ಗುಂಡು ಹೊಟ್ಟೆಯ ಊಫರು, ಎಲ್ಲಕ್ಕೂ ಯಜಮಾನನಂಥ ಒಂದು ರಿಸೀವರು.

ಕಿರ್... ಕಿರ್...

"ಕೇಳಿಸ್ತಾ?" ಅತ್ತಿಗೆ ಪಿಸುಗುಟ್ಟಿದಳು.

"ಏನೂ ಇಲ್ಲ. ನಡಿ."

"ರಾಟೆ ತಿರುಗ್ತಿದೆ."

"ಹಗ್ಗವೇ ಇಲ್ಲ, ರಾಟೆ ಎಲ್ಲಿಂದ ತಿರುಗುತ್ತೆ? ಗಾಳಿ."

"ಗಾಳಿ ಎಲ್ಲಿದೆ?"

 ಗಾಳಿ ಇರಲಿಲ್ಲ. ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಇಬ್ಬರೂ ಹೆಜ್ಜೆ ಬಿರುಸು ಮಾಡಿದರು...

ಆ ಬಾವಿಯಲ್ಲಿ ಸತ್ತವಳು ಇವರ ಪಕ್ಕದ ಮನೆಯವಳು. ಬಸ್ ಡ್ರೈವರನ ಹೆಂಡತಿ. ರಾತ್ರಿ ನೀರು ಸೇದೋಕೆ ಹೋಗಿ ಕಾಲು ಜಾರಿ ಬಿದ್ದಳು ಅಂತ ಡ್ರೈವರ್ ಹೇಳಿದ. ಮನೆಯೊಳಗೆ ನಲ್ಲಿ ಇರುವಾಗ ರಾತ್ರಿ ಹೊತ್ತು ಬಾವಿಗೆ ಯಾಕೆ ಹೋದಳು ಅಂತ ಕೇಳುವ ಒಂದು ನಾಲಿಗೆಯೂ ಆ ಬೀದಿಯಲ್ಲಿರಲಿಲ್ಲ. ಎಲ್ಲರೂ ಸೇರಿ ಬಾವಿಯ ಕಟ್ಟೆಯನ್ನು ಎದೆಯುದ್ದ ಎತ್ತರಿಸಿದರು. ತಪ್ಪೆಲ್ಲ ಕಟ್ಟೆಯದು ಅನ್ನುವ ಹಾಗೆ! ಆಮೇಲೆ ಅಲ್ಲಿ ದೆವ್ವ ಇದೆ ಅಂತ ಮಾತು ಹುಟ್ಟಿತು. ಸತ್ತವಳಿಗೆ ಹೆದರಿದರು. ಹೊಡೆದವನಿಗೆ ಕುರ್ಚಿ ಹಾಕಿ ಕೂರಿಸಿದರು. ನಮ್ಮ ಜನ ಅಂದರೆ ಇಷ್ಟೇ.

ಹೊಡೆಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಸಾಲುಮನೆ ಅಂದರೆ ಒಂದು ಗೋಡೆಗೆ ಎರಡು ಮನೆ. ಒಬ್ಬರು ಸೀನಿದರೆ ಇನ್ನೊಬ್ಬರು ಮೂಗು ಒರೆಸಿಕೊಳ್ಳಬೇಕು. ಆದರೆ ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಯಾರಿಗೂ ಕಲಿಸಿದ್ದಲ್ಲ. ಡ್ರೈವರ್ ಮನೆಯಲ್ಲಿ ಶುರುವಾಯಿತೋ, ಒಂದು ಮನೆಯ ಟೀವಿ ಜೋರಾಗುತ್ತಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಲೇತಣ್ಣನೂ ಜೋರು ಮಾಡುತ್ತಿದ್ದ. ಅವಳು ಸತ್ತ ರಾತ್ರಿಯೂ ಮಾಡಿದ್ದ.

ಈಗ ಡ್ರೈವರ್ ಎರಡನೆಯ ಹೆಂಡತಿಯನ್ನು ಕರೆತರುವ ಸುದ್ದಿ ಬಂದಿತ್ತು. ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದ. ಆ ಸುದ್ದಿ ಬಂದ ವಾರವೇ ಲೇತಣ್ಣ, "ಟೀವಿ ಸದ್ದು ಸಾಲಲ್ಲ, ಥಿಯೇಟರ್ ತರೋಣ" ಅಂದ. ಅಂಗಡಿಯವನು ನಯವಾಗಿ, "ಯಾವ ಥರ ಸಿನಿಮಾ ನೋಡ್ತೀರಿ ಸಾರ್?" ಅಂತ ಕೇಳಿದ.

"ಯಾವುದೋ ಒಂದು. ಗೋಡೆ ಆಚೆದು ಕೇಳಿಸಬಾರದು."

"ನಿಮ್ಮ ಸದ್ದು ಆಚೆಯವರಿಗೆ ಕೇಳಿಸಬಾರದು ಅಂತಲಾ?"

"ಅಲ್ಲ. ಆಚೆಯವರದ್ದು ನಮಗೆ."

ಅಂಗಡಿಯವನು ನಕ್ಕ. ಅತ್ತಿಗೆ ನೆಲ ನೋಡಿದಳು.

ಮರುದಿನ ರಜೆ. ಬೆಳಗ್ಗೆಯೇ ಲೇತಣ್ಣ ಡ್ರಿಲ್ ಹಿಡಿದು ನಿಂತ. ಮುಂದಿನ ಎರಡು ಸ್ಪೀಕರು ಟೀವಿಯ ಅಕ್ಕಪಕ್ಕ. ಮಧ್ಯದ್ದು ಟೀವಿಯ ಕೆಳಗೆ. ಊಫರು ಮೂಲೆಗೆ. ಹಿಂದಿನ ಎರಡನ್ನು ಎಲ್ಲಿ ಹಾಕಬೇಕು ಅಂತ ಅವನು ಯೋಚಿಸಲೇ ಇಲ್ಲ. ಡ್ರೈವರ್ ಮನೆಗೂ ಇವರ ಮನೆಗೂ ನಡುವೆ ಇದ್ದ ಗೋಡೆಗೇ ತೂತು ಕೊರೆದು ಬಿಗಿದ. ಗೋಡೆಯಿಂದ ಏನಾದರೂ ಬಂದರೆ ಗೋಡೆಯಲ್ಲೇ ಮುಚ್ಚಿಹೋಗಲಿ ಅಂತ.

"ಅಲ್ಲೇ ಬೇಕಾ?" ಅತ್ತಿಗೆ ಕೇಳಿದಳು.

"ಅಲ್ಲೇ ಬೇಕು."

ಇನ್ನು ಹೊಂದಿಸುವ ಕೆಲಸ. ರಿಸೀವರ್ ಜೊತೆ ಹೆಬ್ಬೆರಳು ಗಾತ್ರದ ಒಂದು ಮೈಕು ಬಂದಿತ್ತು. ಕೂತು ನೋಡುವವನ ಕಿವಿ ಎಲ್ಲಿರುತ್ತದೋ ಅಲ್ಲಿ ಅದನ್ನು ಇಟ್ಟು ಎಲ್ಲರೂ ಹೊರಗೆ ಹೋಗಬೇಕು. ರಿಸೀವರ್ ಒಂದೊಂದೇ ಸ್ಪೀಕರಿನಿಂದ 'ವೂಪ್... ವೂಪ್...' ಅಂತ ಸದ್ದು ಬಿಡುತ್ತದೆ. ಮೈಕು ಕೇಳಿಸಿಕೊಂಡು ಯಾವ ಸ್ಪೀಕರು ಎಷ್ಟು ದೂರ ಅಂತ ಅಳೆದು ಟೀವಿಯಲ್ಲಿ ತೋರಿಸುತ್ತದೆ. ಲೇತಣ್ಣ ಬೆತ್ತದ ಕುರ್ಚಿಯ ಬೆನ್ನಿಗೆ ಮೈಕನ್ನು ಕಟ್ಟಿದ. ಇಬ್ಬರೂ ಬಾಗಿಲ ಹೊರಗೆ ನಿಂತರು.

ವೂಪ್... ನಿಂತಿತು. ಟೀವಿಯಲ್ಲಿ ಕೆಂಪಕ್ಷರ: ಕೋಣೆಯಲ್ಲಿ ಸದ್ದು ಜಾಸ್ತಿ.

ಫ್ಯಾನ್ ಆರಿಸಿದ. ಮತ್ತೆ ಅದೇ. ಫ್ರಿಜ್ ಆರಿಸಿದ. ಮತ್ತೆ ಅದೇ. ಗೋಡೆ ಗಡಿಯಾರದ ಸೆಲ್ಲು ಕಿತ್ತ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಇರುವೆ ಹರಿದರೂ ಕೇಳಿಸುವಷ್ಟು ಮೌನ...

ಕೋಣೆಯಲ್ಲಿ ಸದ್ದು ಜಾಸ್ತಿ.

"ಅಗ್ಗದ ಮೈಕು," ಲೇತಣ್ಣ ಹಲ್ಲು ಕಚ್ಚಿದ.

"ನಮಗೆ ಕೇಳಿಸದ್ದು ಅದಕ್ಕೆ ಕೇಳಿಸ್ತಿದೆ."

"ನೀನು ಸುಮ್ಮನಿರು. ನಿನ್ನ ಮಾತೇ ಅದಕ್ಕೆ ಸದ್ದು."

"ಇಷ್ಟು ದಿನ ಸುಮ್ಮನಿದ್ದು ಏನು ಕಡಿದು ಕಟ್ಟೆ ಹಾಕಿದ್ವಿ?" ಅಂದಳು ಅವಳು. ಅವನು ಕೇಳಿಸದವನಂತೆ ಮತ್ತೆ ಗುಂಡಿ ಒತ್ತಿದ.

ಈ ಸಲ ಕೆಲಸ ಮುಗಿಯಿತು. ಟೀವಿಯಲ್ಲಿ ಅಳತೆ ಬಂತು. ನಾಲ್ಕು ಸ್ಪೀಕರು ಸರಿಯಾಗಿದ್ದವು. ಹಿಂದಿನ ಎಡಗಡೆಯದ್ದು ಮಾತ್ರ ಐದು ಮೀಟರ್ ದೂರ. ಕುರ್ಚಿಯಿಂದ ಆ ಗೋಡೆಗೆ ಎರಡು ಮೀಟರೂ ಇಲ್ಲ. ಕುರ್ಚಿಯಿಂದ ಗೋಡೆ ದಾಟಿ ಐದು ಮೀಟರ್ ಅಂದರೆ ಡ್ರೈವರ್ ಮನೆಯ ಅಡುಗೆ ಕಟ್ಟೆ. ಸಾಲುಮನೆ ಎಲ್ಲ ಒಂದೇ ಅಚ್ಚು. ಯಾರ ಮನೆಯಲ್ಲಿ ಏನು ಎಲ್ಲಿದೆ ಅಂತ ಕಣ್ಣು ಕಟ್ಟಿದರೂ ಹೇಳಬಹುದು.

ಅಂಗಡಿಗೆ ಫೋನ್ ಮಾಡಿದ.

"ಗೋಡೆಗೆ ಬಡಿದು ಬರೋ ಸದ್ದು ಸಾರ್," ಅಂದರು ಅಲ್ಲಿಂದ. "ಒಮ್ಮೊಮ್ಮೆ ಹಾಗೆ ತೋರಿಸುತ್ತೆ. ಇನ್ನೊಂದು ಸಲ ಮಾಡಿ."

ಇನ್ನೊಂದು ಸಲ ಮಾಡಿದ. ಎರಡು ಚಿಲ್ಲರೆ ಮೀಟರ್. ಗೋಡೆಯ ಆಚೆ ಮಗ್ಗುಲು.

"ನೋಡು, ಸರಿಹೋಗ್ತಿದೆ," ಅಂದ ಲೇತಣ್ಣ.

"ಸರಿಹೋಗ್ತಿಲ್ಲ," ಅಂದಳು ಅತ್ತಿಗೆ. "ಹತ್ತಿರ ಬರ್ತಿದೆ."

ಮೂರನೆಯ ಸಲ ಅವನು ಹಟಕ್ಕೆ ಒತ್ತಿದ. ವೂಪ್... ವೂಪ್... ಹಿಂದಿನ ಎಡಗಡೆಯ ಸರದಿ ಬಂದಾಗ ಸದ್ದು ಬರಲಿಲ್ಲ. ಅದರ ಬದಲು ಕುರ್ಚಿಯ ಬೆತ್ತ 'ಚಿರ್' ಅಂತು. ಯಾರಾದರೂ ಹಿಂದೆ ನಿಂತು ಕುರ್ಚಿಯ ಬೆನ್ನಿಗೆ ಕೈಯೂರಿದರೆ ಬರುತ್ತದಲ್ಲ, ಆ ಸದ್ದು. ಟೀವಿಯಲ್ಲಿ ಅಳತೆ ಬಂತು. ಹತ್ತು ಸೆಂಟಿಮೀಟರು ಕೂಡ ಇಲ್ಲ.

ಸ್ಪೀಕರು ಗೋಡೆಯ ಮೇಲೇ ಇತ್ತು. ನಾಲ್ಕೂ ಸ್ಕ್ರೂ ಬಿಗಿಯಾಗಿದ್ದವು.

ಲೇತಣ್ಣ ಮೈಕನ್ನು ಕಿತ್ತು ಪೆಟ್ಟಿಗೆಗೆ ಹಾಕಿದ. "ಅಳತೆ ನಾನೇ ಕೊಡ್ತೀನಿ," ಅಂದು, ಟೇಪು ಹಿಡಿದು ಅಳೆದು ಕೈಯಾರೆ ಅಂಕಿ ತುಂಬಿದ. ಒಂದೇ ಅಂಕಿಯನ್ನು ಅವನು ಮೂರು ಸಲ ಅಳಿಸಿ ತುಂಬಿದ್ದನ್ನು ಅತ್ತಿಗೆ ನೋಡಿದಳು. ಕೂದಲೆಳೆಯಷ್ಟೂ ತಪ್ಪದೆ ಕಬ್ಬಿಣ ಕಡೆಯುವ ಕೈ ಅದು.

ಸಂಜೆ ಡ್ರೈವರ್ ಬಂದ. ಹಿಂದೆ ಹೊಸ ಹೆಂಡತಿ. ಇಪ್ಪತ್ತು ದಾಟಿರಬೇಕು, ಅಷ್ಟೆ.

"ಏನು ಲೇತಣ್ಣ, ಥಿಯೇಟರ್ ತಂದ್ಯಂತೆ!" ಡ್ರೈವರ್ ಹೆಗಲ ಮೇಲೆ ಕೈ ಹಾಕಿದ. "ಜೋರಾಗಿ ಹಾಕಪ್ಪಾ, ಸಂಕೋಚ ಬೇಡ. ನನಗೇನೂ ತೊಂದರೆ ಇಲ್ಲ."

"ಹ್ಞೂಂ," ಅಂದ ಲೇತಣ್ಣ.

ಹುಡುಗಿ ಅತ್ತಿಗೆಯ ಕಡೆ ತಿರುಗಿ ನಕ್ಕಳು. "ಅಕ್ಕ, ಇಲ್ಲಿ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ?"

"ಬೆಳಗ್ಗೆ. ನಲ್ಲಿ ಒಳಗೇ ಇದೆ." ಅತ್ತಿಗೆ ಅವಳ ಹತ್ತಿರ ಸರಿದಳು. "ಹೊರಗೆ ಎಲ್ಲೂ ಹೋಗಬೇಡ ನೀರಿಗೆ. ಏನು ಬೇಕಾದರೂ ಗೋಡೆ ತಟ್ಟು."

"ಗೋಡೆ ಯಾಕಕ್ಕ? ಬಾಗಿಲು ಇದೆಯಲ್ಲ," ಅಂದು ಹುಡುಗಿ ನಕ್ಕಳು.

ಡ್ರೈವರೂ ನಕ್ಕ. ಅವನ ನಗು ಹಲ್ಲಿನಲ್ಲೇ ನಿಂತಿತ್ತು.

ಕೆಲವು ದಿನ ಏನೂ ಆಗಲಿಲ್ಲ. ಲೇತಣ್ಣನಿಗೆ ಧೈರ್ಯ ಬಂತು. ಒಂದು ರಾತ್ರಿ ಊಟ ಮುಗಿಸಿ, ಯಾವುದೋ ಯುದ್ಧದ ಸಿನಿಮಾ ಹಾಕಿ ಕೂತ. ಕುದುರೆ ಎಡದಿಂದ ಬಲಕ್ಕೆ ಓಡಿತು. ಬಾಣ ತಲೆಯ ಮೇಲೆ ಹಾದುಹೋಯಿತು. ಊಫರು ಗುಡುಗಿದರೆ ಪಾತ್ರೆ ಸ್ಟ್ಯಾಂಡಿನ ಲೋಟಗಳು ಗಲಗಲ ಅಂದವು.

ಆಗ... ಹಿಂದಿನ ಎಡಗಡೆಯ ಸ್ಪೀಕರಿನಲ್ಲಿ ಸಿನಿಮಾ ನಿಂತುಹೋಯಿತು.

ಉಳಿದ ನಾಲ್ಕರಲ್ಲೂ ಯುದ್ಧ. ಅದೊಂದರಲ್ಲಿ ಮೌನ. ಬರೀ ಮೌನವಲ್ಲ... ಯಾರೋ ಮಾತಾಡುವುದಕ್ಕೆ ಮುಂಚೆ ಉಸಿರೆಳೆದುಕೊಂಡು ತಡೆದ ಹಾಗೆ.

"ಈಗ ಚಿಲಕ ಹಾಕ್ತಾನೆ," ಅಂತು ಸ್ಪೀಕರು.

ಹೆಂಗಸಿನ ದನಿ. ಸಣ್ಣದು. ಅಳು ಇಲ್ಲ, ಸಿಟ್ಟಿಲ್ಲ. ಬಾಯಿಪಾಠ ಒಪ್ಪಿಸುವ ಹಾಗೆ.

ಗೋಡೆಯ ಆಚೆ, ಚಟಕ್.

"ಈಗ ಬೆಲ್ಟು ಬಿಚ್ತಾನೆ..."

ಗೋಡೆಯ ಆಚೆ ಬಕಲಿನ ಸದ್ದು. ಕಿಣಿ... ಕಿಣಿ.

"ಈಗ ಅವಳು ಅಡುಗೆ ಕಟ್ಟೆ ಕಡೆ ಸರೀತಾಳೆ. ಅಲ್ಲಿಂದ ಆಚೆ ಜಾಗ ಇಲ್ಲ..."

ಠಣ್! ಸ್ಟೀಲ್ ತಟ್ಟೆ ಬಿತ್ತು. ನೆಲದ ಮೇಲೆ ಗಿರಗಿರ ಸುತ್ತಿ ಸುತ್ತಿ ನಿಂತಿತು. ಆಮೇಲೆ 'ಧಬ್'. ಆಮೇಲೆ ಹುಡುಗಿಯ ದನಿ, ಅರ್ಧಕ್ಕೇ ತುಂಡಾದದ್ದು.

ಬೀದಿಯ ಕೊನೆಯಲ್ಲಿ ಒಂದು ಟೀವಿ ಜೋರಾಯಿತು. ಎದುರು ಮನೆಯದ್ದು ಜೋರಾಯಿತು. ಪಕ್ಕದ್ದು... ಅದರ ಪಕ್ಕದ್ದು...

ಲೇತಣ್ಣನ ಕೈಯಲ್ಲಿ ರಿಮೋಟು. ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿತ್ತು.

"ಈಗ ನೀವು ಸದ್ದು ಜೋರು ಮಾಡ್ತೀರಿ," ಅಂತು ಸ್ಪೀಕರು.

ಹೆಬ್ಬೆರಳು ಅಲ್ಲೇ ನಿಂತಿತು.

"ಆಮೇಲೆ... ಬಾವಿ."

"ಕೇಳಿಸ್ತಾ?" ಅತ್ತಿಗೆ ಆಗಲೇ ಎದ್ದು ನಿಂತಿದ್ದಳು.

"ಕೇಳಿಸ್ತು," ಅಂದ ಲೇತಣ್ಣ. ಮದುವೆಯಾದಾಗಿನಿಂದ ಆ ಮಾತಿಗೆ ಅವನು ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲು. ರಿಮೋಟು ನೆಲಕ್ಕೆ ಹಾಕಿ, ಬರಿಗಾಲಲ್ಲಿ ಹೊರಗೆ ಓಡಿದ. ಅವನಿಗಿಂತ ಮುಂಚೆ ಅತ್ತಿಗೆ ಡ್ರೈವರನ ಬಾಗಿಲಲ್ಲಿದ್ದಳು.

ಎರಡೂ ಕೈಯಲ್ಲಿ ಬಡಿದರು.

"ಯಾರು?" ದೂರದಿಂದ ಡ್ರೈವರನ ದನಿ.

"ನಾನು. ತೆಗಿ."

"ಹೋಗಿ ಸಿನಿಮಾ ನೋಡಣ್ಣ. ಗಂಡ ಹೆಂಡ್ತಿ ವಿಷಯ."

"ಗಂಡನಾ ನೀನು?" ಅತ್ತಿಗೆ ಕಿರುಚಿದಳು. ಆ ಬೀದಿ ಅವಳ ಗಂಟಲು ಕೇಳಿದ್ದು ಅವತ್ತೇ ಮೊದಲು. "ಒಬ್ಬಳನ್ನು ತಿಂದದ್ದು ಸಾಲಲಿಲ್ವಾ? ತೆಗೀತೀಯೋ, ಬಾಗಿಲು ಮುರೀಬೇಕೋ?"

ಲೇತಣ್ಣ ಬಾಗಿಲಿಗೆ ಹೆಗಲಿಂದ ಗುದ್ದಲು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ 'ಚಟಕ್' ಅಂತು. ಬಾಗಿಲು ತೆರೆಯಿತು. ಇಬ್ಬರೂ ಒಳಗೆ ನುಗ್ಗಿದರು. ಹುಡುಗಿ ಅಡುಗೆ ಕಟ್ಟೆಯ ಕೆಳಗೆ ಮುದುಡಿ ಬಿದ್ದಿದ್ದಳು. ಬಲಗೈ ಊದಿತ್ತು. ಅತ್ತಿಗೆ ಅವಳನ್ನು ಬಾಚಿ ಎಬ್ಬಿಸಿ ಹೊರಗೆ ತಂದಳು. ಲೇತಣ್ಣ ಡ್ರೈವರನ ಕೈಯಿಂದ ಬೆಲ್ಟು ಕಿತ್ತುಕೊಂಡ. ಡ್ರೈವರ್ ತಿರುಗಿ ಬೀಳಲಿಲ್ಲ. ಬಾಯಿ ಬಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ.

ಹೊರಗೆ ಟೀವಿಗಳು ಆರತೊಡಗಿದವು. ಕೊನೆಮನೆಯದ್ದು... ಎದುರಿನದ್ದು... ಬಾಗಿಲುಗಳು ತೆರೆದವು. ಜನ ಬಂದು ನಿಂತರು. ಎದುರು ಮನೆಯ ಅಜ್ಜಿ, "ನಮಗೇನೂ ಕೇಳಿಸಲೇ ಇಲ್ವಲ್ಲಮ್ಮ," ಅಂದಳು.

"ಕೇಳಿಸ್ತಜ್ಜಿ," ಅಂದ ಲೇತಣ್ಣ. "ಆವತ್ತೂ ಕೇಳಿಸಿತ್ತು. ನನಗೂ ಕೇಳಿಸಿತ್ತು."

ಬೆಳಗಾದ ಮೇಲೆ ಅವನೇ ಠಾಣೆಗೆ ಹೋಗಿ, ಹೊಸದರ ಜೊತೆ ಹಳೆಯದನ್ನೂ ಹೇಳಿ ಬಂದ. ಆ ಜಗಳ ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ನಾವೂ ಬಿಡುವವರಲ್ಲ. ಅದು ಬೇರೆ ಮಾತು.

ನಾನು ಹೇಳಬೇಕಾದದ್ದು ಆ ರಾತ್ರಿಯದ್ದೇ. ಹುಡುಗಿ ಇವರ ಮನೆಯಲ್ಲೇ ಮಲಗಿದ್ದಳು. ಅತ್ತಿಗೆ ಅವಳ ಕೈಗೆ ಎಣ್ಣೆ ಹಚ್ಚುತ್ತಿದ್ದಳು. ಹುಡುಗಿ ಮೆಲ್ಲಗೆ ಕೇಳಿದಳು.

"ಅಕ್ಕ, ನಿಮ್ಮನೇಲಿ ಇನ್ನೊಬ್ಬರು ಯಾರಿದ್ದಾರೆ?"

"ಯಾರೂ ಇಲ್ಲ. ನಾವಿಬ್ಬರೇ."

"ಮತ್ತೆ ಚಿಲಕ ತೆಗೆದವರು?"

"ಅವನೇ ತೆಗೆದನಲ್ಲ."

"ಇಲ್ಲಕ್ಕ. ಅವನು ನನ್ನ ಹತ್ತಿರಾನೇ ನಿಂತಿದ್ದ. ನನ್ನ ಜಡೆ ಅವನ ಕೈಯಲ್ಲೇ ಇತ್ತು. ಒಬ್ಬರು ನನ್ನ ಕಾಲು ದಾಟಿಕೊಂಡು ಬಾಗಿಲ ಕಡೆ ಹೋದರು."

ನೀವು ನಗಬಹುದು. ನಗಿ. ಆ ಬಾಗಿಲನ್ನು ನಾನೇ ಹೋಗಿ ನೋಡಿದ್ದೇನೆ. ಕಬ್ಬಿಣದ ಚಿಲಕ, ಒಳಗಡೆ ಮಾತ್ರ. ಹೊರಗಿನಿಂದ ಒಂದು ಕಡ್ಡಿ ತೂರಿಸುವಷ್ಟೂ ಸಂದಿಲ್ಲ. ತುಕ್ಕು ಹಿಡಿದು ಬಿಗಿಯಾಗಿದೆ. ಅದನ್ನು ತೆಗೆಯೋಕೆ ನಾನು ಎರಡೂ ಕೈ ಹಾಕಬೇಕಾಯಿತು.