ಅಮ್ಮನ ಮಾತಿದ್ದ ಡಿಸ್ಕು

ಇಲ್ಲ, ಆ ಕಡೆ ಅಲ್ಲ, ಈ ಕಡೆ ಹಿಡಿ ಟಾರ್ಚನ್ನ. ಬೀರುವಿನ ಕೆಳಗಿನ ಖಾನೆಗೆ ಬೆಳಕು ಬೀಳೋ ಹಾಗೆ... ಹಾಂ, ಸಾಕು. ಮನೆ ಫೋಟೋ, ವಿಡಿಯೋ ಎಲ್ಲಾ ಇಡೋ ಪೆಟ್ಟಿಗೆ ಇದೇ. ಕೆಂಪು ದೀಪ ಮಿಣುಕ್ತಿದೆಯಲ್ಲ, ಅದೇ ಕೆಟ್ಟ ಡಿಸ್ಕು. ಫೋನಲ್ಲೇ ಹೇಳಿದ್ನಲ್ಲ ನಿಂಗೆ, ಡಿಸ್ಕು ಕೆಟ್ಟಿದೆ, ಅಮ್ಮನ ವಿಡಿಯೋ ಎಲ್ಲಾ ಅದರ ಜೊತೆಗೇ ಹೋಯ್ತು ಅಂತ. ನಿಂಗೆ ಅಣ್ಣನ ಮಾತಿನ ಮೇಲೆ ನಂಬಿಕೆ ಬರ್ಲಿಲ್ಲ. ಬ್ಯಾಗಲ್ಲಿ ಹೊಸ ಡಿಸ್ಕ್ ಇಟ್ಕೊಂಡು, ಎರಡು ಬಸ್ ಬದಲಾಯಿಸಿ ಬಂದುಬಿಟ್ಟೆ. ಅಮ್ಮ ಹೋಗಿ ಎರಡು ತಿಂಗಳಾದ ಮೇಲೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ.

ಯಾಕೆ ನಗ್ತೀಯಾ? ನಗು, ನಗು. ಮೂರು ವರ್ಷ ಇದೇ ರೂಮಲ್ಲಿ ಹಾಸಿಗೆ ಹಿಡಿದಿದ್ಲು ಅಮ್ಮ. ನೀನು ಬಂದದ್ದು ಎಷ್ಟು ಸಲ? ಬೆರಳು ಮಡಿಸೋದು ಬೇಡ, ನಾನೇ ಹೇಳ್ತೀನಿ, ನಾಲ್ಕು ಸಲ. ಸೇಬು ತರೋದು, ಮಂಚದ ತುದೀಲಿ ಕೂರೋದು, ಸಂಜೆ ಬಸ್ಸಿಗೆ ಎದ್ದುಹೋಗೋದು. ಬೆನ್ನಿನ ಹುಣ್ಣಿಗೆ ಯಾವ ಮುಲಾಮು ಹಚ್ತಿದ್ವಿ ಅಂತಾದ್ರೂ ಗೊತ್ತಾ? ನಿನ್ನ ಅತ್ತಿಗೆಗೆ ಗೊತ್ತು. ನಂಗೆ ಗೊತ್ತು. ಆದರೂ ಅಮ್ಮನ ಬಾಯಲ್ಲಿ ಮೂರು ಹೊತ್ತೂ ನಿನ್ನದೇ ಹೆಸರು, ಪುಟ್ಟಿ, ಪುಟ್ಟಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಸುಮ್ನೆ ಹೇಳ್ತಾರಾ... ಸರಿ, ಬಿಡು. ಅಳಬೇಡ, ಟಾರ್ಚ್ ಅಲ್ಲಾಡುತ್ತೆ.

ಡಿಸ್ಕಿನ ಟ್ರೇ ಮೇಲೆ ಚೀಟಿ ಅಂಟಿಸಿದೀನಲ್ಲ, ಆ ನಂಬರ್ ಓದು. ಏಳು, ಒಂದು, ನಾಲ್ಕು... ಸೊನ್ನೆ? ಸರಿ, ಲ್ಯಾಪ್‌ಟಾಪಲ್ಲಿ ಕೆಟ್ಟಿದೆ ಅಂತ ತೋರಿಸ್ತಿರೋದೂ ಅದೇ. ಎರಡು ಸಲ ನೋಡದೆ ಎಳೀಬಾರದು. ಆಫೀಸಲ್ಲಿ ಒಬ್ಬ ಬುದ್ಧಿವಂತ, ಕೆಟ್ಟದ್ದನ್ನ ಬಿಟ್ಟು ಚೆನ್ನಾಗಿರೋದನ್ನ ಎಳೆದಿದ್ದ. ಇನ್ನೂರು ಜನರ ಫೈಲು. ಮೂರು ದಿನ ಅಲ್ಲೇ ಕೂತು ಎಲ್ಲಾ ವಾಪಸ್ ತಂದುಕೊಟ್ಟೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಕಣೇ ನಂದು, ಯಾರದ್ದೂ ಒಂದು ಕಾಗದ ಕಳೆದಿಲ್ಲ.

ಎಳೆದೆ ನೋಡು. ಹೆದರ್ಕೋಬೇಡ, ಪೆಟ್ಟಿಗೆ ಆರಿಸೋದೇ ಬೇಕಿಲ್ಲ. ಅದಕ್ಕೇ ತಾನೇ ಎರಡು ಡಿಸ್ಕ್ ಇಡೋದು. ಒಂದರಲ್ಲಿ ಏನು ಹಾಕಿದ್ರೂ ಅದೇ ಕ್ಷಣ ಇನ್ನೊಂದರಲ್ಲೂ ಬಂದಿರುತ್ತೆ. ಒಂದು ಸತ್ತರೂ ಇನ್ನೊಂದರಲ್ಲಿ ಎಲ್ಲಾ ಇರುತ್ತೆ, ಒಂದು ಫೋಟೋನೂ ಹೋಗಲ್ಲ. ಹೊಸದನ್ನ ಹಾಕಿದ್ರೆ, ಉಳಿದಿರೋದನ್ನ ನೋಡ್ಕೊಂಡು ತಾನೇ ತುಂಬಿಕೊಳ್ಳುತ್ತೆ. ಕೊಡು ನಿನ್ನ ಡಿಸ್ಕು. ಏನು, ಇದನ್ನ ಮಾರಿದ ಅಂಗಡಿಯವನೂ ಹೀಗೇ ಹೇಳಿದ್ನಾ? ಹೌದು... ಸರಿಯಾಗೇ ಹೇಳಿದಾನೆ.

ಟಕ್ ಅಂತು. ಕೂತಿತು. ಆ ಲ್ಯಾಪ್‌ಟಾಪ್ ಇತ್ತ ತಿರುಗಿಸು. ನೋಡು, ತುಂಬಿಕೊಳ್ತಿದೆ, ನೂರಕ್ಕೆ ಎರಡು. ಏನೇನಿದೆ ನೋಡ್ತೀಯಾ? ನಿನ್ನ ಮದುವೆ ಇದೆ. ನನ್ನ ಮಗಳ ಶಾಲೆ ನಾಟಕ ಇದೆ. ಅಪ್ಪನ ಸ್ಕೂಟರಿನ ಕಾಗದ... ಫ್ರಿಜ್ಜಿನ ಗ್ಯಾರಂಟಿ ಚೀಟಿನೂ ಇದೆ, ಆ ಫ್ರಿಜ್ಜೇ ಈಗಿಲ್ಲ. ಎಲ್ಲಾ ಇಟ್ಟ ಹಾಗೇ ಇದೆ. ಅಮ್ಮಂದೊಂದು ಬಿಟ್ಟು...

ಯಾಕೆ ಟಾರ್ಚ್ ಆರಿಸಿದೆ?

ಹಾಗ್ಯಾಕೆ ನೋಡ್ತೀಯಾ? ಅದೊಂದು ಫೋಲ್ಡರ್ ಮಾತ್ರ... ಆಗುತ್ತೆ ಕೆಲವು ಸಲ. ಡಿಸ್ಕು ಪೂರ್ತಿ ಸಾಯೋ ಮುಂಚೆ ಏನಾಗುತ್ತೆ ಅಂದ್ರೆ... ನಿಂಗೆ ಅರ್ಥ ಆಗಲ್ಲ ಬಿಡು. ಚಿಕ್ಕಮ್ಮ ಬಾಯಿ ಬಿಡದೆ ಇದ್ದಿದ್ರೆ ಇಂಥ ವಿಡಿಯೋ ಇದೆ ಅಂತಾನೇ ನಿಂಗೆ ಗೊತ್ತಾಗ್ತಿರ್ಲಿಲ್ಲ. ಬೈಯಿ, ಬೇಕಾದ್ರೆ.

ನಾನೇ ಅಳಿಸಿದ್ದು. ಸಾಕಾ? ಚಿಕ್ಕಮ್ಮ ನಿಂಗೆ ಹೇಳಿದ್ಲಲ್ಲ, ಅದರ ಮಾರನೇ ದಿನ. ಎರಡು ಡಿಸ್ಕಲ್ಲೂ ಒಂದೇ ಸಲಕ್ಕೆ ಹೋಯ್ತು. ಆಮೇಲೆ ಹೇಗೂ ಒಂದು ಕೆಟ್ಟು ಕೂತಿತು, ಅದರ ತಲೆಗೆ ಕಟ್ಟಿದೆ.

ಯಾಕೆ ಅಂತ ಕೇಳು. ಕೇಳಲ್ವಾ? ಕೊನೇ ತಿಂಗಳದ್ದು ಕಣೇ, ಮೂವತ್ತೆಂಟು ವಿಡಿಯೋ. ಪುಟ್ಟಿಗೆ ಕಳಿಸು ಅಂತ ಅಮ್ಮನೇ ತೆಗೆಸ್ತಿದ್ದದ್ದು. ಅನ್ನ ಕಲಸಿ ಬಾಯಿಗಿಡೋನು ನಾನು, ಅವಳ ಕಣ್ಣು ಮಾತ್ರ ಬಾಗಿಲ ಕಡೆ. ಒಂದರಲ್ಲಾದ್ರೂ ನನ್ನ ಮಗ ಇಷ್ಟು ನೋಡ್ಕೊಂಡ ಅಂತ... ಇಲ್ಲ. ಹೊಟ್ಟೆ ಉರೀತು. ಅಳಿಸಿದೆ. ಅಷ್ಟೇ.

ಅಷ್ಟೇ ಅಂದ್ನಲ್ಲ... ಇನ್ನೇನಿದೆ? ಪುಟ್ಟಿ, ಎದ್ದು ಹೋಗು, ಇಲ್ಲ ಕೆನ್ನೆಗೆ ಬಾರಿಸು.

ಆ ವಿಡಿಯೋಗಳಲ್ಲಿ ಅಮ್ಮ ಒಬ್ಬಳೇ ಮಾತಾಡಲ್ಲ. ನಾನೂ ಮಾತಾಡ್ತೀನಿ. ಮೊಬೈಲ್ ಹಿಡಿದಿರೋನು ನಾನಲ್ವಾ, ಮುಖ ಕಾಣಲ್ಲ, ದನಿ ಕೇಳುತ್ತೆ. ನೀನು ಫೋನ್ ಮಾಡಿದಾಗೆಲ್ಲ ಏನು ಹೇಳ್ದೆ ನಿಂಗೆ? ಅಮ್ಮ ಚೆನ್ನಾಗಿದಾಳೆ, ಈಗ ಮಲಗಿದಾಳೆ, ಅವಸರ ಮಾಡಿ ಬರಬೇಡ. ನೀನು ನಂಬಿದೆ. ಅವಳು ಮಲಗಿರ್ಲಿಲ್ಲ. ಈ ಗೋಡೆಗೆ ಒರಗಿ ಕೂತು, ಪುಟ್ಟಿನ ಒಂದ್ಸಲ ಕರೆಸೋ, ಮುಖ ನೋಡ್ಬೇಕು ಅಂತಾಳೆ. ಆಗ ನನ್ನ ದನಿ. ಕರೆದೆ ಅಮ್ಮ, ಅವಳಿಗೆ ಪುರುಸೊತ್ತಿಲ್ಲವಂತೆ.

ದಿನಾ ಕೇಳೋಳು. ದಿನಾ ಅದನ್ನೇ ಹೇಳ್ದೆ. ನಿನ್ನ ಮೇಲೆ ಸಿಟ್ಟು ಬರ್ಲಿ ಅಂತ, ಒಂದೇ ಒಂದು ಸಲ ನಿನ್ನ ಬೈಲಿ ಅಂತ ಕಾದೆ ಕಣೇ.

ಬೈಲಿಲ್ಲ. ಪಾಪ, ಅವಳಿಗೂ ಕೆಲಸ ಇರುತ್ತೆ, ನಾಳೆ ಇನ್ನೊಂದ್ಸಲ ಕೇಳಿನೋಡು ಅಂದ್ಲು.