ಸಾರು ಆರಿಸಿ ಬಡಿಸಿದವನು

ನೀವೆಲ್ಲ ಈ ಐರ್ಲೆಂಡಿಗೆ ಬಂದು ಅಂಗಡಿ, ಮನೆ, ಮಕ್ಕಳು ಎಂದು ಬೇರೂರಿದವರು. ಈ ವಾರ ನನ್ನನ್ನು ಪ್ರಸಾದಕ್ಕೆ ಕರೆದ ಮನೆಗಳಲ್ಲೆಲ್ಲ ಒಂದೇ ಮಾತು. ತೆರಿಗೆ ಏರಿತು, ನಿಯಮ ಬದಲಾಯಿತು, ಇನ್ನೇನು ಗತಿ ಬುದ್ಧಿ? ತೆರಿಗೆಗೆ ಗತಿ ಕಾಣಿಸಲು ನಾನು ಅಕೌಂಟೆಂಟ್ ಅಲ್ಲ. ಒಂದು ದೃಷ್ಟಾಂತ ಹೇಳಬಲ್ಲೆ, ಕೇಳಿ.

ಇದೇ ದೇಶದ ಪಡುವಣ ಕಡಲ ಮಗ್ಗುಲಿನ ಒಂದು ಪಟ್ಟಣದಲ್ಲಿ ಒಬ್ಬ ಹೋಟೆಲ್ ಧಣಿ ಇದ್ದ. ಸ್ಥಿತಿವಂತ. ಅಣ್ಣಿಗೇರಿ ಕಡೆಯವನು. ಹೆಸರು ಗುರುಪಾದಪ್ಪ ಎಂದಿಟ್ಟುಕೊಳ್ಳಿ. ಈ ಸಭೆಯಲ್ಲಿ ಯಾರಾದರೂ ಗುರುಪಾದಪ್ಪನವರು ಇದ್ದರೆ, ನಾನು ಹೇಳುತ್ತಿರುವುದು ನಿಮ್ಮನ್ನಲ್ಲ. ಆದರೂ ಸ್ವಲ್ಪ ಗಮನ ಕೊಟ್ಟು ಕೇಳಿ.

ಅವನ ಹೋಟೆಲಿನಲ್ಲಿ ಇಡ್ಲಿ, ದೋಸೆ ಎಲ್ಲ ಇದ್ದರೂ ಹೆಸರು ಮಾಡಿದ್ದು ಮೆಣಸಿನ ಸಾರು. ಗಾಳಿಮಳೆಯಲ್ಲಿ ತೊಯ್ದು ಬಂದ ಐರಿಶ್ ಜನ ಅದನ್ನು ಬಟ್ಟಲಿಗೇ ಬಾಯಿಟ್ಟು ಕುಡಿದು, ಮೂಗು ಒರೆಸಿಕೊಂಡು, ಇನ್ನೊಂದು ಬಟ್ಟಲು ಎನ್ನುತ್ತಿದ್ದರು. ಅವರಲ್ಲಿ ನೂಲಾ ಎಂಬ ಮುದುಕಿ ಒಬ್ಬಳು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಈಗ ಮನೆಯಲ್ಲಿ ಒಬ್ಬಳೇ. ಮನೆ ಕಾಯಿಸುವ ಎಣ್ಣೆಯ ಮೇಲೆ ತೆರಿಗೆ ವರ್ಷ ವರ್ಷ ಏರುತ್ತ ಹೋದಂತೆ ಅವಳು ಹಗಲಿನಲ್ಲಿ ಹೀಟರ್ ಹಚ್ಚುವುದನ್ನೇ ಬಿಟ್ಟಿದ್ದಳು. ದಿನಾ ಹನ್ನೊಂದಕ್ಕೆ ಬಂದು, ಒಂದು ಬಟ್ಟಲು ಸಾರು ತೆಗೆದುಕೊಂಡು, ಗುರುಪಾದಪ್ಪನ ಹೀಟರಿನ ಪಕ್ಕ ಎರಡು ತಾಸು ಕೂರುತ್ತಿದ್ದಳು.

ಹೀಗಿರುವಾಗ ಸರಕಾರದ ಸುತ್ತೋಲೆ ಬಂತು. ಹೋಟೆಲಿನ ಬಿಸಿ ಊಟದ ಮೇಲೆ ತೆರಿಗೆ ಏರಿತ್ತು. ಬೀದಿಯ ಉಳಿದ ಹೋಟೆಲಿನವರು ಗೊಣಗಿದರು, ದರ ಏರಿಸಿದರು, ಕೆಲಸಕ್ಕೆ ಹೋದರು. ನಮ್ಮ ಗುರುಪಾದಪ್ಪ ಬುದ್ಧಿವಂತ. ಬುದ್ಧಿವಂತರ ಕಷ್ಟ ನಿಮಗೆ ಗೊತ್ತೇ ಇದೆ. ಅವನ ಕಣ್ಣು 'ಬಿಸಿ' ಎಂಬ ಒಂದು ಪದಕ್ಕೆ ಅಂಟಿಕೊಂಡಿತು.

"ಶಕುಂತಲಾ, ಬಿಸಿ ಇದ್ರ ಅಷ್ಟ ತೆರಿಗಿ ಜಾಸ್ತಿ ಅಂತ. ತಣ್ಣಗ ಮಾಡಿ ಕೊಟ್ರ ಹೆಂಗ?" ಎಂದ ಹೆಂಡತಿಗೆ.

ಅವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟು ನಿಂತಿದ್ದಳು. "ಸಾರು ತಣ್ಣಗ ಕೊಡೂದೇನ್ರಿ? ನೀವು ಕುಡೀತೀರಿ?"

"ನಾ ಯಾಕ ಕುಡೀಲಿ? ನಾ ಧಣಿ ಅದೀನಿ."

ನೋಡಿ. 'ನಾ ಯಾಕ ಕುಡೀಲಿ.' ಈ ಮಾತು ಬಾಯಿಂದ ಬಂದ ದಿನ ಯಾವ ವ್ಯಾಪಾರಿಯಾದರೂ ಬಾಗಿಲಿಗೆ ಒಂದು ಬೀಗ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ಮರುದಿನ ಅವನು ಹೆಂಡತಿಯ ಜ್ವರ ನೋಡುವ ಥರ್ಮಾಮೀಟರನ್ನೇ ತಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಒಂದೊಂದು ಇಡ್ಲಿಗೂ ಚುಚ್ಚಿ ಜ್ವರ ನೋಡಿದ. ಬೆಚ್ಚಗಿದ್ದರೆ ಮೆನು ಕಾರ್ಡಿನಿಂದ ಗಾಳಿ ಹಾಕಿದ. ಸಾರು ಆರಿ, ಮೇಲೆ ತುಪ್ಪ ಕೆನೆಗಟ್ಟಿದ ಮೇಲೆಯೇ ಬಡಿಸಲು ಬಿಟ್ಟ. ಕೊಳಾಯಿ ರಿಪೇರಿಯವನೊಬ್ಬ ದೋಸೆಯನ್ನು ಎರಡೂ ಕೈಯಿಂದ ಎಳೆದು ನೋಡಿ, "ವಾಷರ್ ಮಾಡೋಕೆ ಬರುತ್ತೆ," ಎಂದು ಜೇಬಿಗಿಟ್ಟುಕೊಂಡು ಹೋದ.

ಮೂರನೆಯ ದಿನ ಅಕೌಂಟೆಂಟ್ ಫೋನ್ ಮಾಡಿದ. "ಜನ ಕೂತು ತಿಂದರೆ ತಣ್ಣಗಿದ್ದರೂ ಅದೇ ತೆರಿಗೆ ಕಣ್ರೀ. ಕಟ್ಟಿಸಿಕೊಂಡು ಹೋದರೆ ಮಾತ್ರ ಬೇರೆ."

ಬೇರೆ ಯಾರಾದರೂ ಅಲ್ಲಿಗೆ ಕೈಬಿಡುತ್ತಿದ್ದರು. ಗುರುಪಾದಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಟ್ಟ. ಕೂರುವವರೇ ಇಲ್ಲದ ಮೇಲೆ ಹೀಟರ್ ಯಾಕೆ? ಅದನ್ನೂ ಆರಿಸಿದ.

ಹನ್ನೊಂದಕ್ಕೆ ನೂಲಾ ಬಂದಳು. ತಾನು ಕೂರುತ್ತಿದ್ದ ಜಾಗ ನೋಡಿದಳು, ಅವನ ಮುಖ ನೋಡಿದಳು. ಅವನು ತಣ್ಣನೆಯ ಸಾರಿನ ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊಟ್ಟು, "ಹೊಸ ನಿಯಮ ಅಮ್ಮಾ, ನನ್ನ ಕೈಲೇನಿದೆ," ಎಂದ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ: "ಇರಲಿ ಬಿಡಪ್ಪ." ಅಷ್ಟೇ ಅಂದು ಚೀಲ ಹಿಡಿದು ಮಳೆಗೆ ಇಳಿದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಿಧಾನಕ್ಕೆ ಉಳಿದವರೂ ಇಲ್ಲ.

ಹತ್ತು ದಿನದ ಮೇಲೆ ಗುರುಪಾದಪ್ಪ ಅಡುಗೆಮನೆಯ ಬಟ್ಟೆಗಳ ಗಂಟು ಹೊತ್ತು ಪಕ್ಕದ ಬೀದಿಯ ಲಾಂಡ್ರಿಗೆ ಹೋದ. ಕಾಸು ಹಾಕಿದರೆ ಮಷಿನ್ನು ಒಗೆದು ಒಣಗಿಸುವ ಅಂಗಡಿ. ಬಾಗಿಲು ತೆಗೆದರೆ ಏನು ನೋಡುವುದು? ಅವನ ಹೋಟೆಲಿನ ಗಿರಾಕಿಗಳೆಲ್ಲ ಅಲ್ಲಿದ್ದಾರೆ. ಬಟ್ಟೆ ಒಣಗಿಸುವ ಮಷಿನ್ನುಗಳಿಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದಾರೆ. ನಡುವೆ ನೂಲಾ, ಮಡಿಲಲ್ಲಿ ಫ್ಲಾಸ್ಕು. ಅವಳ ಬೆನ್ನ ಹಿಂದಿನ ದೊಡ್ಡ ಮಷಿನ್ನಿನೊಳಗೆ ಒಂದೇ ಒಂದು ಕಾಲುಚೀಲ ಗಿರಗಿರ ಸುತ್ತುತ್ತಿದೆ.

"ಒಂದು ಕಾಲುಚೀಲ ಒಣಗಿಸಲು ಇಷ್ಟು ಹೊತ್ತೇ?" ಎಂದ ಇವನು.

"ಅದು ಸೋಮವಾರವೇ ಒಣಗಿದೆ. ಒಳಗೆ ಏನಾದರೂ ಸುತ್ತುತ್ತಿದ್ದರೆ ಅಂಗಡಿಯವರು ಎದ್ದೇಳು ಅನ್ನುವುದಿಲ್ಲ," ಎಂದಳು ನೂಲಾ. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. "ಕೂತುಕೋ. ನಿನ್ನ ಹೋಟೆಲಿನಲ್ಲಿ ನಿನಗೂ ಚಳಿಯಾಗುತ್ತಿರಬೇಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಚಹಾದ ಮುಚ್ಚಳವನ್ನು ಅವಳ ಕೈಗೇ ಮರಳಿಸಿದ. ಗಂಟನ್ನು ಅಲ್ಲೇ ಮರೆತು ಎದ್ದು ಹೋದ.

ಹೆಂಡತಿ ಡ್ಯೂಟಿ ಮುಗಿಸಿ ಹೋಟೆಲಿಗೆ ಬಂದಾಗ ಅವನು ಕುರ್ಚಿ ಇಳಿಸುತ್ತಿದ್ದ. "ಏನಾತ್ರಿ?" ಎಂದಳು.

"ಏನಿಲ್ಲ. ಒಂದ್ ಬಟ್ಟಲ ಸಾರು ಕುಡದು ನೋಡಿದೆ, ತಣ್ಣಂದು."

"ಹೆಂಗಿತ್ತ?"

"ನಾಯಿನೂ ಮೂಸೂದಿಲ್ಲ," ಎಂದ.

ಮರುದಿನ ಹೀಟರ್ ಹಚ್ಚಿದ. ಬಾಗಿಲಿಗೆ ಬೋರ್ಡು ಹಾಕಿದ: 'ತೆರಿಗೆ ಏರಿದೆ, ಸಾರಿನ ದರವೂ ಸ್ವಲ್ಪ ಏರಿದೆ, ಕ್ಷಮಿಸಿ.' ಲಾಂಡ್ರಿಗೆ ಹೋಗಿ ತಾನೇ ಎಲ್ಲರನ್ನೂ ಕರೆದ. ಬಂದವರು ದರಕ್ಕೆ ಎರಡು ನಿಮಿಷ ಗೊಣಗಿ, ಸರಕಾರವನ್ನು ಎರಡು ತಾಸು ಬೈದರು. ಆ ವಿಷಯದಲ್ಲಿ ಅವರೂ ನಾವೂ ಒಂದೇ ತಾಯಿಯ ಮಕ್ಕಳು.

ನಕ್ಕಿರಿ, ಸಂತೋಷ. ಈಗ ನಿಮ್ಮ ಸರದಿ. ತೆರಿಗೆ ಏರಿದಾಗ ನಿಮ್ಮ ಕತ್ತರಿ ಮೊದಲು ಎಲ್ಲಿಗೆ ಹೋಗುತ್ತದೆ? ಕ್ಲೀನಿಂಗಿಗೆ ಬರುವವಳ ಎರಡು ಗಂಟೆಗೆ. ಕೋಣೆ ಬಾಡಿಗೆಗೆ ಕೊಟ್ಟ ವಿದ್ಯಾರ್ಥಿಯ ಹೀಟರಿಗೆ. ಸರಕಾರ ನಮ್ಮ ಕೈಗೆ ಸಿಕ್ಕುವುದಿಲ್ಲ. ಕೈಗೆ ಸಿಕ್ಕವರನ್ನು ಹಿಂಡುತ್ತೇವೆ, ಆಮೇಲೆ 'ನಿಯಮ' ಎನ್ನುತ್ತೇವೆ. ಹೌದೋ ಅಲ್ಲವೋ?

ಕಾನೂನು ತಪ್ಪು ಎನಿಸಿದರೆ ನಿಮ್ಮ ಜನಪ್ರತಿನಿಧಿಗೆ ಪತ್ರ ಬರೆಯಿರಿ, ಧೈರ್ಯವಾಗಿ ಬರೆಯಿರಿ. ದರ ಏರಿಸಬೇಕೇ? ಏರಿಸಿ, ಮುಖಕ್ಕೆ ಮುಖ ಕೊಟ್ಟು ಹೇಳಿ. ಆದರೆ ನೀವು ತಿನ್ನದ್ದನ್ನು ಬಡಿಸಬೇಡಿ, ನೀವು ಕೂರಲಾರದ ಕೋಣೆಯಲ್ಲಿ ಇನ್ನೊಬ್ಬರನ್ನು ಇರಿಸಬೇಡಿ. ಈ ಚಳಿಗಾಲ ನಿಮ್ಮ ಬೀದಿಯಲ್ಲಿ ಹಗಲು ಹೊತ್ತು ಹೀಟರ್ ಹಚ್ಚದ ಮನೆ ಒಂದು ಇದ್ದೇ ಇದೆ. ಅದು ಯಾವುದೆಂದು ನಾಳೆಯೇ ತಿಳಿದುಕೊಳ್ಳಿ. ತಿಳಿದ ಮೇಲೆ ಬಾಗಿಲು ತಟ್ಟಿ.