ಜ್ಞಾನಮ್ಮನ ಚಾಪೆ

ಬೀದಿಗೆ ಇನ್ನೂ ಕೊಳಾಯಿ ಬಂದಿರಲಿಲ್ಲ. ಚರ್ಚಿನ ಬಾವಿಯ ಹತ್ತಿರ ಆರೋಗ್ಯಮೇರಿ ಮಗುವನ್ನೆತ್ತಿಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಮುಂದೆ ಹಳೇ ಕ್ರೈಸ್ತ ಮನೆತನದ ಜ್ಞಾನಮ್ಮ ನೀರು ಸೇದುತ್ತಿದ್ದರು. ಹೋದ ವರ್ಷ ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿ ಅವರಿಂದಲೇ ಜಪ ಕಲಿತ ಮೇಟಗಳ್ಳಿ ಕೇರಿಯ ಲೂಸಿ ಬಾವಿ, ಕೊಡ ಮುಟ್ಟದಂತೆ ಮಾರು ದೂರದಲ್ಲಿ ನಿಂತಿದ್ದಳು.

“ಭಾನುವಾರದ ಪೂಜೇಲಿ ನಂಗೆ ಮೊದಲ ಪರಮಪ್ರಸಾದ ಕೊಡ್ತಾರೆ. ಪಕ್ಕದಲ್ಲಿ ಕೂರ್ತೀರಾ, ಅಮ್ಮಾ?” ಲೂಸಿ ಕೇಳಿದಳು.

“ಜಪ ಎಲ್ಲಾ ಬಾಯಿಗೆ ಬಂತಲ್ಲ, ಇನ್ನು ನಾನ್ಯಾಕೆ?”

“ನೀವು ಮುಂದೆ, ನಾನು ಹಿಂದೆ ನಮ್ಮ ಜನದ ಜೊತೆ ಕೂತ್ರೆ ಎಲ್ಲಾ ಮರ್ತೋಗ್ಬುಡುತ್ತೆ.”

“ನಾನು ಹಿಂದೆ ಬಂದ್ರೆ ನಮ್ಮತ್ತೆ ಪೂಜೆ ಮುಗಿಯೋವರೆಗೂ ಕತ್ತು ತಿರುಗಿಸ್ಕೊಂಡೇ ಇರ್ತಾರೆ ಕಣೇ.”

“ಆಗ್ಲಿ ಬುಡಿ.”

ಜ್ಞಾನಮ್ಮ ನಿಧಾನವಾಗಿ ಹಗ್ಗ ಸುತ್ತಿಟ್ಟರು.

“ಸುಮ್ನೆ ನಿಂತಿದ್ದೀಯಲ್ಲ, ಈ ಕೊಡ ನನ್ನ ಸೊಂಟಕ್ಕೆ ಎತ್ತಿಡು.”

“ನಿಮ್ಮ ಕೊಡಾನಾ? ಮುಟ್ಟಲಾ?”

“ಮುಟ್ಟದೆ ಹೆಂಗೆ ಎತ್ತೀಯೆ? ಭಾನುವಾರ ಚರ್ಚಿಗೆ ಚಾಪೆ ತರಬೇಡ. ನಂದು ಅಗಲವಾಗಿದೆ, ಮುಂದೇನೇ ಹಾಸ್ತೀನಿ.”

“ಮುಂದೇನಾ? ನಿಮ್ಮತ್ತೆ?”

“ಅವರ ಪಕ್ಕದಲ್ಲೇ ಇರ್ತೀವಲ್ಲ, ಕತ್ತು ತಿರುಗಿಸೋ ಕಷ್ಟ ತಪ್ಪುತ್ತೆ.”

ಲೂಸಿ ಕೊಡ ಎತ್ತಿಟ್ಟಳು; ನಗುತ್ತಾ ಇಬ್ಬರೂ ಒಟ್ಟಿಗೇ ಗೇಟು ದಾಟಿದರು. ಆರೋಗ್ಯಮೇರಿ ಮಗುವನ್ನು ಬಾವಿಯಿಂದಾಚೆ ನೆಲದ ಮೇಲೆ ಕೂರಿಸಿ ಹಗ್ಗಕ್ಕೆ ಕೈಹಾಕಿದಳು.